ಬೇಳೆ ಬೇಯುವ ನೀರು

ಚಿಕ್ಕಮಗಳೂರಿನ ಒಂದೇ ತೋಟದ ಬೀಜ. ಒಂದೇ ಕೈಗ್ರೈಂಡರ್, ಅದನ್ನು ನಿಲ್ಲಿಸಿದ ಅಳತೆಯೂ ಒಂದೇ. ಒಂದೇ ಪುಟ್ಟ ತಕ್ಕಡಿ, ಒಂದೇ ಗ್ಯಾಸ್ ಒಲೆ, ಮಾಡುವ ಕೈಯೂ ಒಂದೇ. ಆದರೂ ಬೆಳಗಾವಿ ಕಡೆಯ ಜಾಂಬೋಟಿಯ ಆಚೆ ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸಿ ಕಾಫಿ ಮಾಡಿದರೆ ಮೊದಲು ಹುಳಿ ಬರುತ್ತದೆ, ಅದರ ಬೆನ್ನಿಗೆ ತೆಳುವಾದ ಸಿಹಿ ಬರುತ್ತದೆ. ಮುಂದಿನ ವಾರ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಹೋಗಿ ಅದೇ ಕಾಫಿ ಮಾಡಿದರೆ ಹುಳಿಯೂ ಇಲ್ಲ, ಸಿಹಿಯೂ ಇಲ್ಲ, ಬಾಯಿ ಒಣಗಿಸುವ ಕಹಿ ಮಾತ್ರ. ಈ ಒಗಟು ಬಹಳ ದಿನ ನನ್ನನ್ನು ಕಾಡಿತು. ಕಾಫಿ ಬಲ್ಲವರಿಗೆ ಹೇಳಿದರೆ ಬೀಜ ಹಳೆಯದಾಗಿರಬೇಕು ಎನ್ನುತ್ತಾರೆ. ಹುರಿದ ತಾರೀಖು ಪೊಟ್ಟಣದ ಮೇಲೆಯೇ ಇದೆ. ಪುಡಿ ಮಾಡದೆ ಇಟ್ಟ ಬೀಜ ಒಂದು ವಾರದಲ್ಲಿ ಇಷ್ಟು ಸೋಲುವುದಿಲ್ಲ. ನನ್ನ ಜೊತೆ ಗುಡ್ಡಗಾಡಿನಲ್ಲಿ ಸೈಕಲ್ ತುಳಿಯುವ ಗೆಳೆಯರಿಗೆ ಹೇಳಿದರೆ ಎತ್ತರದ ಲೆಕ್ಕ ತೆಗೆಯುತ್ತಾರೆ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೆ ಕುದಿಯುತ್ತದೆ ಎಂಬುದು ನಿಜ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಸೆಲ್ಸಿಯಸ್. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅಲ್ಲಿ ಕಾಫಿ ಮಾಡುವವನಿಗೆ ಅದು ತಲೆನೋವೇ ಸರಿ. ಬೆಳಗಾವಿ ಇರುವುದು 750 ಮೀಟರಿನ ಆಸುಪಾಸಿನಲ್ಲಿ, ಬಾಗಲಕೋಟೆ ಅದಕ್ಕಿಂತ 200 ಮೀಟರಿನಷ್ಟು ತಗ್ಗಿನಲ್ಲಿ. ಎರಡೂ ಕಡೆ ನೀರು ಕುದಿಯುವುದು 97-98 ಡಿಗ್ರಿಗೆ, ಕಾಫಿಗೆ ಬೇಕಾದದ್ದು 90ರಿಂದ 96. ಒಲೆ ಆರಿಸಿ, ಕೈಗವಸು ಬಿಚ್ಚಿ ಪಕ್ಕಕ್ಕಿಡುವಷ್ಟರಲ್ಲಿ ಅದು ಆ ಹದಕ್ಕೆ ಇಳಿದಿರುತ್ತದೆ. ಉಳಿದದ್ದು ನೀರು. ಹಾಲು ಹಾಕದ ಒಂದು ಲೋಟ ಕಾಫಿಯಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಪಾಲು ನೀರೇ. ನಾವು ಬೀಜಕ್ಕೆ ದುಡ್ಡು ಸುರಿಯುತ್ತೇವೆ, ಗ್ರೈಂಡರಿಗೆ ಇನ್ನಷ್ಟು ಸುರಿಯುತ್ತೇವೆ, ನೀರನ್ನು ಮಾತ್ರ ಸಿಕ್ಕ ಸಿಕ್ಕ ನಳದಲ್ಲಿ ತುಂಬಿಕೊಂಡು ಹೊರಡುತ್ತೇವೆ.

ಚಹಾದ ಸೀಮೆಯಲ್ಲಿ

ಬೆಳಗಾವಿಯವನು ಕಾಫಿಯ ಬಗ್ಗೆ ಇಷ್ಟುದ್ದ ಬರೆಯುವುದೇ ಒಂದು ಅಧಿಕಪ್ರಸಂಗ. ನಮ್ಮದು ಚಹಾದ ಸೀಮೆ. ಮನೆಗೆ ಬಂದವರಿಗೆ ಚಹಾ, ಜಗಳ ಮುಗಿದರೆ ಚಹಾ, ಹೆಣ್ಣು ನೋಡಲು ಹೋದರೆ ಚಹಾ. ಕಾಫಿ ಎಂದರೆ ಹಾಲಿನಲ್ಲಿ ಒಂದು ಚಮಚ ದಿಢೀರ್ ಪುಡಿ ಕಲಕಿದ್ದು, ಅದೂ ಪರೀಕ್ಷೆಗೆ ಓದುವ ಮಕ್ಕಳಿಗೆ. ಕಾಫಿ ಬೆಳೆಯುವುದರಲ್ಲಿ ದೇಶದ ಮುಕ್ಕಾಲು ಪಾಲಿನ ಹತ್ತಿರ ನಮ್ಮ ರಾಜ್ಯದ್ದೇ ಎಂದು ಶಾಲೆಯಲ್ಲಿ ಓದಿದ್ದೇವೆ, ಆದರೆ ಆ ರಾಜ್ಯ ತುಂಗಭದ್ರೆಯ ಆಚೆಗಿದೆ ಎಂಬಂತೆ ಬದುಕಿದ್ದೇವೆ. ಹೀಗಾಗಿ ನಾನು ವ್ಯಾನಿನ ಹಿಂಬಾಗಿಲು ಎತ್ತಿ, ಹಲಗೆ ಎಳೆದು, ಬೀಜ ತೂಗಿ, ಗ್ರೈಂಡರ್ ತಿರುಗಿಸಲು ಕೂತಾಗ ಸುತ್ತ ನಿಂತವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದೇ: ‘ಅಲ್ಲೇ ಚಹಾದ ಅಂಗಡಿ ಇದೆಯಲ್ಲ ಸಾಹೇಬರೇ?’

ಇದೆ. ನಾನೂ ಅಲ್ಲಿ ಕುಡಿಯುತ್ತೇನೆ. ಆದರೆ ಎರಡು ತಾಸು ಏರು ತುಳಿದ ಮೇಲೆ, ಕಾಲಿನ ನಡುಕ ಇನ್ನೂ ನಿಲ್ಲದಿರುವಾಗ, ಕೈಗೊಂದು ಕೆಲಸ ಬೇಕಾಗುತ್ತದೆ. ಬೀಜ ಅರೆಯುವುದು ಅದಕ್ಕೆ ಹೇಳಿ ಮಾಡಿಸಿದ ಕೆಲಸ. ಸುಮ್ಮನೆ ಕೂತರೆ ಐದು ನಿಮಿಷಕ್ಕೆ ಮೊಬೈಲ್ ಕೈಗೆ ಬರುತ್ತದೆ. ಕಾಫಿಗೆ ಕೂತರೆ ಅರ್ಧ ತಾಸು ಮಾತು ನಡೆಯುತ್ತದೆ. ನನ್ನ ಮಟ್ಟಿಗೆ ಇಷ್ಟು ಕಾರಣ ಸಾಕು. ಹಾಗೆಂದು ಕಾಡಿನಲ್ಲಿ ಕುಡಿದರೆ ಎಲ್ಲವೂ ರುಚಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಣಿದಾಗ ಕೆಟ್ಟ ಕಾಫಿಯೂ ಹಿತವೆನಿಸುತ್ತದೆ, ಅಷ್ಟೇ. ಎರಡನೆಯ ಲೋಟಕ್ಕೆ ಆ ಮಂಕು ಕಳೆದು ಸತ್ಯ ಗೊತ್ತಾಗುತ್ತದೆ.

ಚಹಾ ನೀರಿನ ದೋಷವನ್ನು ಮುಚ್ಚಿಡುತ್ತದೆ ಎಂಬುದನ್ನೂ ಹೇಳಬೇಕು. ನಮ್ಮ ಕಡೆಯ ಚಹಾದಲ್ಲಿ ಪುಡಿಯನ್ನು ಕುದಿಸಿ ಕುದಿಸಿ ಒಗರು ಮಾಡಿ, ಅದಕ್ಕೆ ಶುಂಠಿ ಜಜ್ಜಿ, ಸಕ್ಕರೆ ಸುರಿದು, ಎಮ್ಮೆಯ ಹಾಲು ಹಾಕಿದ ಮೇಲೆ ಆ ನೀರು ಎಲ್ಲಿಯದೆಂದು ಹೇಳಲು ದೇವರಿಗೂ ಆಗುವುದಿಲ್ಲ. ಹಾಲಿಲ್ಲದ, ತಿಳಿ ಹುರಿತದ ಕಾಫಿಗೆ ಆ ಮುಸುಕು ಇಲ್ಲ.

ಮಹಾಕೂಟದ ಅವ್ವ

ಒಗಟು ಬಿಚ್ಚಿದ್ದು ಬಾದಾಮಿಯ ಗುಡ್ಡದಲ್ಲಿ, ಒಂದು ಚಳಿಗಾಲದ ಬೆಳಿಗ್ಗೆ. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಸೈಕಲ್ ಓಡಿಸದವರಿಗೆ ಅದರ ಸುಖ ಹೇಳುವುದು ಕಷ್ಟ. ಕಲ್ಲು ಒರಟು, ಟಯರು ಅದನ್ನು ಕಚ್ಚಿ ಹಿಡಿಯುತ್ತದೆ. ಕಡಿದಾದ ಬಂಡೆಯ ಮೇಲೂ ಹಿಂದಿನ ಚಕ್ರ ಜಾರುವುದಿಲ್ಲ, ಧೈರ್ಯ ಮಾತ್ರ ಜಾರುತ್ತದೆ. ಬಂಡೆ ಹತ್ತುವವರು ಎಲ್ಲೆಲ್ಲಿಂದಲೋ ಈ ಊರಿಗೆ ಬರುವುದೂ ಇದೇ ಕಲ್ಲಿನ ಹಿಡಿತಕ್ಕಾಗಿ. ಕಲ್ಲು ಮುಗಿದು ತಗ್ಗಿಗೆ ಇಳಿದರೆ ಕತೆ ಬೇರೆ. ಅಲ್ಲಿ ಮಂಡಿಯವರೆಗೆ ಮರಳು, ಅದರಲ್ಲಿ ಬಿದ್ದಿರುವ ಜಾಲಿಯ ಮುಳ್ಳು. ಟಯರಿನೊಳಗೆ ಅಂಟುದ್ರವ ತುಂಬಿಸದೆ ಈ ಸೀಮೆಗೆ ಬಂದವನು ದಿನವೆಲ್ಲ ಪಂಕ್ಚರ್ ಹಾಕುತ್ತಾ ಕೂರುತ್ತಾನೆ.

ಬಾದಾಮಿಯಿಂದ ಗುಡ್ಡದ ಮೇಲೆ ಹಾದು ಮಹಾಕೂಟಕ್ಕೆ ಇಳಿಯುವ ಹಳೆಯ ಕಾಲುದಾರಿಯಿದೆ. ಕೆಲವು ಕಡೆ ತುಳಿಯಬಹುದು, ಕೆಲವು ಕಡೆ ಸೈಕಲನ್ನು ಹೆಗಲ ಮೇಲೆ ಹೊರಬೇಕು. ನಾನು ಮತ್ತು ಖಾನಾಪುರದ ಗೆಳೆಯ ಆ ದಾರಿಯಲ್ಲಿ ಬಂದೆವು. ಮೂರನೆಯವನು ವ್ಯಾನನ್ನು ರಸ್ತೆಯ ಮೇಲೆ ಸುತ್ತಿಸಿ ತಂದು ದೇವಸ್ಥಾನದ ಹೊರಗೆ, ಮರದ ನೆರಳಿನಲ್ಲಿ ನಿಲ್ಲಿಸಿದ್ದ. (ಗುಡಿಯ ಆವರಣದಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಅಡುಗೆ ಮಾಡುವುದಕ್ಕೆ ಕಾನೂನಿನ ತಡೆಯಿದೆ. ತಡೆಯಿಲ್ಲದಿದ್ದರೂ ಚಾಲುಕ್ಯರ ಕಲ್ಲಿನ ಮೇಲೆ ಮಸಿ ಹಚ್ಚುವವನ ಕಾಫಿ ನನಗೆ ಬೇಡ.) ಹಿಂಬಾಗಿಲು ಎತ್ತಿ ಒಲೆ ಇಟ್ಟೆ. ದಾರಿಯ ಒಂದು ಊರಿನಲ್ಲಿ ಕೊಳವೆಬಾವಿಯಿಂದ ತುಂಬಿಸಿಕೊಂಡ ಕ್ಯಾನು ಇತ್ತು.

ಅಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅವ್ವ ಒಬ್ಬಳು ಕೂತಿದ್ದಳು. ಬನಶಂಕರಿ, ಬಾದಾಮಿ, ಮಹಾಕೂಟಕ್ಕೆ ಹೋದವರಿಗೆಲ್ಲ ಈ ಬುಟ್ಟಿಗಳು ಗೊತ್ತು: ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಗಡಿಗೆಯ ಗಟ್ಟಿ ಮೊಸರು. ನಾವು ಅವಳಲ್ಲಿ ರೊಟ್ಟಿ ತೆಗೆದುಕೊಂಡೆವು, ಅವಳು ನಮ್ಮ ಒಲೆಯ ಕಡೆ ನೋಡುತ್ತಾ ಕೂತಳು. ಪಾತ್ರೆಯಲ್ಲಿ ನೀರು ಕುದಿಯತೊಡಗಿತು. ಅಂಚಿನಲ್ಲಿ ಬಿಳಿಯ ಪುಡಿ ಗೆರೆ ಕಟ್ಟಿತು, ಮೇಲೆ ತೆಳುವಾದ ಪೊರೆ ಅಲುಗಾಡಿತು. ಅವಳು ಎದ್ದು ಬಂದು ಪಾತ್ರೆಯೊಳಗೆ ಇಣುಕಿದಳು.

‘ಈ ನೀರು ಎಲ್ಲಿಯದು ತಮ್ಮಾ?’

ಊರಿನ ಹೆಸರು ಹೇಳಿದೆ. ಅವಳು ನಕ್ಕಳು. ‘ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಆ ಊರಿಗೆ ನನ್ನ ತಂಗಿಯನ್ನು ಕೊಟ್ಟಿದ್ದೇವೆ. ಬೇಳೆಗೆಂದೇ ಅವಳು ಹೊಲದ ಬಾವಿಗೆ ಹೋಗುತ್ತಾಳೆ.’

ಅಲ್ಲಿಂದ ಅವಳ ಮಾತು ಹರಿಯಿತು. ಒಂದೇ ಊರಿನಲ್ಲಿ ಎರಡು ನೀರು. ದನಕ್ಕೆ, ಬಟ್ಟೆಗೆ, ಮುಸುರೆಗೆ ಮನೆಯ ಹತ್ತಿರದ್ದು. ಬೇಳೆಗೆ, ಕುಡಿಯಲಿಕ್ಕೆ ದೂರದ್ದು. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ತೋರಿಸುವುದೇ ಈ ಎರಡನ್ನು. ಕುಕ್ಕರ್ ಬಂದ ಮೇಲೆ ಕೆಲವರು ಬಿಟ್ಟರಂತೆ, ಸೀಟಿಯ ಮೇಲೆ ಸೀಟಿ ಹೊಡೆಸಿ ಬೇಯಿಸುತ್ತಾರಂತೆ. ‘ಗ್ಯಾಸಿನ ದುಡ್ಡು ಯಾರಪ್ಪನದು?’ ಎಂದು ಅವಳೇ ಕೇಳಿ ಅವಳೇ ತಲೆಯಾಡಿಸಿದಳು. ತನ್ನ ಬುಟ್ಟಿಯ ಹಿಂದಿನಿಂದ ನೀರಿನ ದೊಡ್ಡ ಬಾಟಲಿ ತೆಗೆದು ನನ್ನ ಮುಂದಿಟ್ಟಳು. ತಮ್ಮ ಮನೆಯ ಹಿತ್ತಲ ಬಾವಿಯದು, ಗುಡ್ಡದ ಬುಡದ್ದು.

ಎರಡು ಪಾತ್ರೆ, ಎರಡು ನೀರು, ತಲಾ 15 ಗ್ರಾಂ ಪುಡಿ, ತಲಾ 230 ಮಿಲಿಲೀಟರ್ ನೀರು. ಗೆಳೆಯ ಮೊಬೈಲಿನಲ್ಲಿ ಸೆಕೆಂಡು ಎಣಿಸಿದ. ಬಣ್ಣದಲ್ಲಿಯೇ ವ್ಯತ್ಯಾಸ ಕಂಡಿತು. ಕೊಳವೆಬಾವಿಯದ್ದು ಕಂದಾಗಿ, ಮೇಲೆ ಮಂಕು ಪೊರೆ ಹೊತ್ತಿತ್ತು. ಬಾವಿಯದ್ದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ರುಚಿಯಲ್ಲಂತೂ ಒಂದೇ ಡಬ್ಬಿಯ ಬೀಜ ಎಂದು ಯಾರಾದರೂ ಆಣೆ ಮಾಡಿದರೂ ನಂಬಲಾಗದಷ್ಟು ದೂರ. ಅವ್ವನಿಗೂ ಒಂದು ಗುಟುಕು ಕೊಟ್ಟೆವು. ಅವಳು ಮುಖ ಕಿವುಚಿ, ಲೋಟವನ್ನು ತಿರುಗಿಸಿ ನೋಡಿ, ‘ನೀರು ಚೆನ್ನಾಗಿತ್ತು, ಕೆಡಿಸಿದಿರಿ’ ಎಂದಳು. ಇಷ್ಟು ಚೊಕ್ಕ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸುಣ್ಣ, ಸವಳು, ಸೋಡಾ

ಅವ್ವನ ಮಾತಿನ ಹಿಂದಿರುವ ರಸಾಯನಶಾಸ್ತ್ರ ಸರಳವಾದದ್ದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಕ್ಯಾಲ್ಸಿಯಂ ಬೇಳೆಯ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಬಿಗಿ ಮಾಡುತ್ತದೆ. ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಇಂಥ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ಕೂಡ ಸೇರಿರುತ್ತದೆ, ಕಾಫಿಗೆ ನಿಜವಾದ ವೈರಿ ಅದು. ಕಾಫಿಯಲ್ಲಿ ನಮಗೆ ಹಿತವೆನಿಸುವ ಹುಳಿ ಎಂದರೆ ಸಣ್ಣ ಸಣ್ಣ ಆಮ್ಲಗಳು. ಬೈಕಾರ್ಬನೇಟ್ ಅವನ್ನು ಕುಡಿದುಹಾಕುತ್ತದೆ. ಹುಳಿ ಹೋದರೆ ಸಿಹಿಗೂ ಆಸರೆ ಇಲ್ಲ, ಮಿಗುವುದು ಕಹಿ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಮಾತ್ರ ಪೂರ್ತಿ ಕೆಟ್ಟವಲ್ಲ. ಸ್ವಲ್ಪ ಇದ್ದರೆ ಪುಡಿಯೊಳಗಿನ ರುಚಿಯನ್ನು ಎಳೆದು ತರಲು ಅವು ಬೇಕು. ಏನೂ ಇಲ್ಲದ ನೀರಿನಲ್ಲಿ ಮಾಡಿದ ಕಾಫಿ ಚೂಪಾಗಿ, ಟೊಳ್ಳಾಗಿ ಇರುತ್ತದೆ.

ಈ ಲೆಕ್ಕ ಹಿಡಿದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳನ್ನು ನೋಡಿದರೆ ಸೈಕಲ್ಲಿನ ದಾರಿಯೂ ಕಾಫಿಯ ರುಚಿಯೂ ಒಂದೇ ನಕ್ಷೆಯಲ್ಲಿ ಕೂರುತ್ತವೆ. ಖಾನಾಪುರದ ಕಡೆ ಜಂಬಿಟ್ಟಿಗೆ ಕಲ್ಲು, ಕೆಂಪು ಮಣ್ಣು, ಮೇಲೆ ಸುರಿಯುವ ಮಳೆ. ಅಲ್ಲಿನ ನೀರು ತೀರಾ ಮೃದು. ಬಾದಾಮಿಯ ಮರಳುಗಲ್ಲು ನೀರಿಗೆ ಏನನ್ನೂ ಹೆಚ್ಚಾಗಿ ಬಿಟ್ಟುಕೊಡುವುದಿಲ್ಲ. ಕಲಾದಗಿ, ಲೋಕಾಪುರ, ಮುಧೋಳದ ಸುತ್ತ ಸುಣ್ಣದ ಕಲ್ಲು ಹಾಸಿದೆ. ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದಿರುವುದೇ ಅದಕ್ಕಾಗಿ, ನನ್ನ ಕಾಫಿ ಸಾಯುವುದೂ ಅದಕ್ಕಾಗಿಯೇ. ಕೃಷ್ಣೆ ದಾಟಿ ವಿಜಯಪುರದ ಎರೆ ಭೂಮಿಗೆ ಹೋದರೆ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ಸವಳು; ಅದಕ್ಕೆ ಉಪ್ಪಿನ ಸೆಳಕೂ ಇರುತ್ತದೆ.

ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದು ಅಳೆಯುವ, ಪೆನ್ನಿನಷ್ಟು ಸಣ್ಣ ಟಿಡಿಎಸ್ ಮೀಟರ್ ಒಂದನ್ನು ಗೆಳೆಯ ಕೊಂಡು ತಂದ. ಅದ್ದಿದರೆ ಅಂಕಿ ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿಗೆ, ಬೇರೆ ನೀರಿಲ್ಲದ ಕಡೆ 2,000ದವರೆಗೂ ನಡೆಯುತ್ತದೆ. ಕಾಫಿಯವರು 150ರ ಆಸುಪಾಸು ಬೇಕೆನ್ನುತ್ತಾರೆ. ಆದರೆ ಮೀಟರು ಎಷ್ಟು ಕರಗಿದೆ ಎಂದು ಹೇಳುತ್ತದೆಯೇ ಹೊರತು ಏನು ಕರಗಿದೆ ಎಂದು ಹೇಳುವುದಿಲ್ಲ. ಉಪ್ಪೂ ಅದಕ್ಕೆ ಒಂದೇ, ಸುಣ್ಣವೂ ಒಂದೇ. ಹಾಗಾಗಿ ಹೊಸ ಊರಿಗೆ ಹೋದರೆ ನಾನು ಈಗಲೂ ಕಟ್ಟೆಯ ಮೇಲೆ ಕೂತ ಅಕ್ಕಂದಿರನ್ನೇ ಕೇಳುತ್ತೇನೆ: ‘ಅಕ್ಕಾ, ಇಲ್ಲಿ ಬೇಳೆ ಬೇಯುವ ನೀರು ಯಾವ ಬಾವಿಯದು?’ ಸೈಕಲ್ ದಿರಿಸು ತೊಟ್ಟ ಗಂಡಸು ಬೇಳೆಯ ಚಿಂತೆ ಮಾಡುವುದನ್ನು ಕಂಡು ಒಂದಿಷ್ಟು ನಗು ಬರುತ್ತದೆ, ಆಮೇಲೆ ತಪ್ಪದೆ ಸರಿಯಾದ ಉತ್ತರ ಬರುತ್ತದೆ. ಗಂಡಸರನ್ನು ಕೇಳಿದರೆ ಶುದ್ಧ ನೀರಿನ ಘಟಕ ತೋರಿಸುತ್ತಾರೆ.

ಒಂದು ಎಚ್ಚರಿಕೆ. ಬೇಳೆ ಬೇಯದಿದ್ದರೆ ನಮ್ಮ ಕಡೆ ಚಿಟಿಕೆ ಸೋಡಾ ಹಾಕುತ್ತಾರೆ, ಬೇಳೆ ಬೆಣ್ಣೆಯಾಗುತ್ತದೆ. ಈ ಉಪಾಯವನ್ನು ಕಾಫಿಗೂ ಮಾಡಬಾರದೇಕೆ ಎಂದು ಬುದ್ಧಿವಂತ ಗೆಳೆಯನೊಬ್ಬ ಕೇಳಿದ. ಅಡುಗೆ ಸೋಡಾ ಎಂದರೆ ಅದೇ ಬೈಕಾರ್ಬನೇಟ್. ಬೇಳೆಗೂ ಕಾಫಿಗೂ ಇಷ್ಟು ದೂರ ಹೊಂದಿದ ಸ್ನೇಹ ಇಲ್ಲಿಗೆ ಮುರಿಯುತ್ತದೆ.

ಹಾಗಾದರೆ ಒಳ್ಳೆಯ ಬಾವಿ ಇಲ್ಲದ ಊರಿನಲ್ಲಿ ಏನು ಮಾಡುವುದು? ಘಟಕದ ನೀರು ಇದೆ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುವ ಈ ಘಟಕಗಳು ನಮ್ಮ ಹಳ್ಳಿಗಳಲ್ಲಿ ಈಗ ಗುಡಿಗಳಷ್ಟೇ ಸಾಮಾನ್ಯ. ಆದರೆ ಆ ಯಂತ್ರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಸೋಸಿಬಿಡುತ್ತದೆ, ಕಾಫಿ ಟೊಳ್ಳಾಗುತ್ತದೆ. ಘಟಕದ ನೀರು ಮೂರು ಪಾಲು, ಊರಿನ ನೀರು ಒಂದು ಪಾಲು ಬೆರೆಸಿದರೆ ಹದ ಸಿಗುತ್ತದೆ. ಊರಿನ ನೀರು ತೀರಾ ಗಡಸಾದರೆ ಆ ಒಂದು ಪಾಲನ್ನು ಅರ್ಧಕ್ಕೆ ಇಳಿಸಬೇಕು. ಘಟಕ ಕೆಟ್ಟು ನಿಂತಿದ್ದರೆ (ನಿಂತಿರುತ್ತದೆ) ಹಿಂದಿನ ರಾತ್ರಿಯೇ ನೀರು ಕುದಿಸಿ ಮುಚ್ಚಿಡುವುದು. ಕುದಿದಾಗ ಬೈಕಾರ್ಬನೇಟು ಸುಣ್ಣವಾಗಿ ಒಡೆದು ತಳ ಸೇರುತ್ತದೆ; ಬೆಳಿಗ್ಗೆ ಪಾತ್ರೆ ಅಲುಗಾಡಿಸದೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ಸವಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಉಪ್ಪು ಕುದಿಸಿದರೆ ಹೋಗುವಂಥದ್ದಲ್ಲ. ಬೆಳಗಾವಿಯಿಂದಲೇ ಕ್ಯಾನು ತುಂಬಿಸಿಕೊಂಡು ಹೊರಡುವುದು ಎಲ್ಲಕ್ಕಿಂತ ಸುಲಭ. ರಕ್ಕಸಕೊಪ್ಪದ ಜಲಾಶಯದ ನಳದ ನೀರು ನಮ್ಮ ಮನೆಗೆ ಬರುವ ದಿನಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ಹುಡುಕಬೇಕಿಲ್ಲ. ಆದರೆ ಸೈಕಲ್ಲಿನ ಮೇಲೆ ಎರಡು ದಿನಕ್ಕೆ ಹೊರಟವನಿಗೆ ಒಂದೊಂದು ಲೀಟರೂ ಒಂದೊಂದು ಕಿಲೋ. ಬೆನ್ನು ಅದನ್ನು ಮರೆಯಲು ಬಿಡುವುದಿಲ್ಲ.

ಕಣಕುಂಬಿಯ ಮಳೆ

ತೀರಾ ಮೃದು ನೀರಿನ ತಕರಾರು ಹೇಳಬೇಕಾದರೆ ಕಣಕುಂಬಿಗೆ ಹೋಗಬೇಕು. ಮಲಪ್ರಭೆ ಹುಟ್ಟುವ ಊರು. ಬಾದಾಮಿ, ಪಟ್ಟದಕಲ್ಲಿನ ಪಕ್ಕ ಹಾದು, 300 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಹೊಳೆ ಇಲ್ಲಿ ಮಗುವಿನ ಅಂಗೈಯಷ್ಟು ಅಗಲ. ಜುಲೈನಲ್ಲಿ ಚೋರ್ಲಾ ಕಡೆ ಸೈಕಲ್ ಒಯ್ಯುವುದು ಜಾಣತನವಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೂ ಎಲ್ಲರೂ ಹೋಗುತ್ತಾರೆ. ಜಂಬಿಟ್ಟಿಗೆಯ ಮೇಲೆ ಪಾಚಿ ಹತ್ತಿರುತ್ತದೆ, ಬ್ರೇಕ್ ಹಿಡಿದರೆ ಸೈಕಲ್ ನಿಲ್ಲುವುದಿಲ್ಲ, ಸವಾರ ನಿಲ್ಲುತ್ತಾನೆ. ಕಾಲುಚೀಲದೊಳಗೆ ಜಿಗಣೆ. ಭೀಮಗಡದ ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಕಾಡಿನಲ್ಲಿ ಬೆಂಕಿ ಹಚ್ಚುವುದಂತೂ ಅಪರಾಧ. ಆದ್ದರಿಂದ ನಾವು ಡಾಂಬರು ರಸ್ತೆಗೆ ವಾಪಸು ಬಂದು, ಮುಚ್ಚಿದ ಅಂಗಡಿಯೊಂದರ ತಗಡಿನ ಚಾವಣಿಯ ಕೆಳಗೆ ನಿಂತೆವು. ಯಜಮಾನರು ಪಕ್ಕದ ಮನೆಯಿಂದ ಇಣುಕಿ ನೋಡಿ, ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿ, ಕೂರಲು ಒಂದು ಬೆಂಚು ಕೊಟ್ಟರು.

ತಗಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗಾಳಿ ಅಡ್ಡ ಬೀಸಿ, ಒಲೆಯ ನೀಲಿ ಜ್ವಾಲೆ ಪಾತ್ರೆಯ ತಳ ಮುಟ್ಟದೆ ಪಕ್ಕಕ್ಕೆ ಮಲಗಿತ್ತು. ಹತ್ತು ನಿಮಿಷವಾದರೂ ನೀರಿನಲ್ಲಿ ಒಂದು ಗುಳ್ಳೆ ಇಲ್ಲ. ಈ ಹೊತ್ತಿನಲ್ಲಿ ಎರಡು ದುರಾಸೆ ಹುಟ್ಟುತ್ತವೆ. ಒಂದು, ವ್ಯಾನಿನೊಳಗೆ ಒಲೆ ಇಟ್ಟು ಬಾಗಿಲು ಎಳೆದುಕೊಳ್ಳುವುದು. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇನ್ನೊಂದು, ಒಲೆಯ ಸುತ್ತ ತಗಡು ಸುತ್ತಿ ಗಾಳಿ ತಡೆಯುವುದು. ಗ್ಯಾಸ್ ಡಬ್ಬಿಯ ನೆತ್ತಿಯ ಮೇಲೆಯೇ ಕೂರುವ ನಮ್ಮಂಥ ಒಲೆಗಳಲ್ಲಿ ಸುತ್ತಲೂ ಮುಚ್ಚಿದರೆ ಡಬ್ಬಿ ಕಾದು ಸಿಡಿಯುವ ಅಪಾಯವಿದೆ. ಗೆಳೆಯ ಬೆಂಚನ್ನು ಗಾಳಿಗೆ ಅಡ್ಡವಾಗಿ ಒರಗಿಸಿ, ತಾನೂ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ರೇನ್‌ಕೋಟಿನ ಅಂಚು ಹಿಡಿದ. ಒಂದು ಬದಿ ಮಾತ್ರ ಮುಚ್ಚಿತು, ಜ್ವಾಲೆ ಎದ್ದು ನಿಂತಿತು.

ಯಜಮಾನರ ಮನೆಯ ಬಾವಿಯ ನೀರು. ಮೀಟರಿನಲ್ಲಿ ಎರಡಂಕಿ. ಅದರಲ್ಲಿ ತಿಳಿ ಹುರಿತದ ಅರೇಬಿಕಾ ಮಾಡಿದಾಗ ಹುಳಿ ಹುಣಸೆಯ ಮಟ್ಟಕ್ಕೆ ಹೋಯಿತು. ಇಂಥ ಕಡೆ ನಾನು ಪುಡಿಯನ್ನು ಒಂದು ಮೆಟ್ಟಿಲು ನುಣ್ಣಗೆ ಮಾಡುತ್ತೇನೆ, ಕುದಿಯುವ ನೀರನ್ನೇ ನೇರ ಹೊಯ್ಯುತ್ತೇನೆ, ಅರ್ಧ ನಿಮಿಷ ಹೆಚ್ಚು ನೆನೆಸುತ್ತೇನೆ. ಆದರೂ ಚೂಪು ಉಳಿದರೆ, ಲೋಕಾಪುರದ ಕಡೆಯ ಗಡಸು ನೀರು ಒಂದು ಸಣ್ಣ ಬಾಟಲಿಯಲ್ಲಿರುತ್ತದೆ. ಲೀಟರಿಗೆ ನಾಲ್ಕಾರು ಚಮಚ. ಒಂದು ಊರಿನಲ್ಲಿ ಬೈಯುತ್ತಾ ಚೆಲ್ಲಿದ ನೀರನ್ನು ಇನ್ನೊಂದು ಊರಿನಲ್ಲಿ ಔಷಧಿಯ ಲೆಕ್ಕದಲ್ಲಿ ಬಳಸುವುದು ನೋಡಿ ಗೆಳೆಯ ನನ್ನನ್ನು ನಾಟಿ ವೈದ್ಯ ಎನ್ನುತ್ತಾನೆ. ಯಜಮಾನರು ಮಾತ್ರ ನಮ್ಮ ಕಾಫಿಯನ್ನು ಪೂರ್ತಿ ಕುಡಿದರು, ಮಹಾಲಿಂಗಪುರದ ಬೆಲ್ಲದ ಚೂರು ಬಾಯಲ್ಲಿ ಕಚ್ಚಿಕೊಂಡು. ಹಾಗೆ ಕುಡಿಯುವುದನ್ನು ಅವರಿಂದ ಕಲಿತೆ. ಬೆಲ್ಲವನ್ನು ಹಾಲಿನ ಕಾಫಿಗೆ ಹಾಕಿ ಕುದಿಸಿದರೆ ಹಾಲು ಒಡೆಯುವ ಭಯ, ಬಾಯಲ್ಲಿಟ್ಟುಕೊಂಡರೆ ಯಾವ ಭಯವೂ ಇಲ್ಲ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಸೈಕಲ್ಲಿನ ಚೀಲಕ್ಕೆ, ಕೈಯಿಂದ ಒತ್ತಿ ಕಾಫಿ ಇಳಿಸುವ ಏರೋಪ್ರೆಸ್ ಸಾಕು. 2005ರಲ್ಲಿ ಅಮೆರಿಕದ ಆ್ಯಲನ್ ಆ್ಯಡ್ಲರ್ ತಂದ ಈ ಪ್ಲಾಸ್ಟಿಕ್ ಕೊಳವೆ ಬಿದ್ದರೆ ಒಡೆಯುವುದಿಲ್ಲ, ತೊಳೆಯಲು ಅರ್ಧ ಲೋಟ ನೀರು ಬೇಕಾಗುವುದಿಲ್ಲ. ಆಟಿಕೆಗಳನ್ನು ಮಾಡುತ್ತಿದ್ದವನ ಕೈಯಿಂದ ಬಂದದ್ದು ಎಂಬುದು ಅದರ ಮುಖ ನೋಡಿದರೇ ಗೊತ್ತಾಗುತ್ತದೆ. ವ್ಯಾನಿನಲ್ಲಿ ನಮ್ಮ ಸ್ಟೀಲ್ ಫಿಲ್ಟರ್. ಅದನ್ನು ಹಾಕಿಟ್ಟು ಕೆಟ್ಟ ರಸ್ತೆಯಲ್ಲಿ ಗಾಡಿ ಓಡಿಸಬಾರದು. ಕುಲುಕಾಟಕ್ಕೆ ಪುಡಿ ಬಿಗಿದು ಒಂದು ಹನಿಯೂ ಇಳಿಯುವುದಿಲ್ಲ. ರಾತ್ರಿ ಗಾಡಿ ನಿಂತ ಮೇಲೆ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ಗ್ಯಾಸ್ ಡಬ್ಬಿಗಳನ್ನು ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವ್ಯಾನಿನೊಳಗೆ ಬಿಡಬಾರದು, 50 ಡಿಗ್ರಿ ದಾಟಬಾರದೆಂದು ಅದರ ಮೇಲೆಯೇ ಬರೆದಿರುತ್ತಾರೆ. ಉಳಿದ ಗಷ್ಟು ಪೊಟ್ಟಣದಲ್ಲಿ ಮನೆಗೆ ವಾಪಸು. ಕಾಫಿಯ ಜೊತೆ ತಿನ್ನಲು ಅಮೀನಗಡದ ಕರದಂಟು. ಬೆಲ್ಲ, ಅಂಟು, ಒಣಹಣ್ಣು ಸೇರಿದ ಆ ತುಂಡಿನ ಮುಂದೆ ಅಂಗಡಿಯಲ್ಲಿ ಸಿಗುವ ಶಕ್ತಿಯ ಬಾರ್‌ಗಳು ಬರೀ ದುಬಾರಿ ರಟ್ಟು. ಗೋಕಾಕದವರು ಇಲ್ಲಿ ಜಗಳಕ್ಕೆ ಬರಬಹುದು, ಬರಲಿ.

ಎರೆಯ ಕಡೆ

ವಿಜಯಪುರ ಸೈಕಲ್ಲಿನ ಊರು. ಸೊಲ್ಲಾಪುರದ ರಸ್ತೆಯಲ್ಲಿ ಬೆಳಗಿನ ಜಾವ ಹೋದರೆ ಸಾಲಾಗಿ ತುಳಿಯುತ್ತಾ ಬರುವ ಹುಡುಗ ಹುಡುಗಿಯರು ಎದುರಾಗುತ್ತಾರೆ. ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯಿಂದ ಬಂದ ಮಕ್ಕಳು ದೇಶದ ಸೈಕ್ಲಿಂಗ್ ಪದಕಗಳನ್ನು ಗೆಲ್ಲುತ್ತಲೇ ಬಂದಿದ್ದಾರೆ. ಒಮ್ಮೆ ಚಹಾದ ಅಂಗಡಿಯ ಮುಂದೆ ಅವರಲ್ಲಿ ಕೆಲವರು ನಮ್ಮ ದಪ್ಪ ಟಯರುಗಳನ್ನು ಕರುಣೆಯಿಂದ ನೋಡಿದರು. ಒಬ್ಬ ನನ್ನ ಗ್ರೈಂಡರಿನ ಬೆಲೆ ಕೇಳಿ ಸುಮ್ಮನಾದ. ಕಾಫಿ ಕುಡಿದರೆ ಜೋರಾಗಿ ತುಳಿಯಬಹುದೇ ಸರ್ ಎಂದು ಇನ್ನೊಬ್ಬ ಕೇಳಿದ. ಕೆಫೀನ್ ದೀರ್ಘ ಓಟಕ್ಕೆ ನೆರವಾಗುತ್ತದೆ ಎಂಬುದು ಸಾಬೀತಾದ ವಿಷಯ, 2004ರಲ್ಲಿ ಅದನ್ನು ನಿಷೇಧದ ಪಟ್ಟಿಯಿಂದಲೂ ತೆಗೆದರು ಎಂದೆ. ‘ಹಾಗಾದರೆ ನೀವು ಏಕೆ ಇಷ್ಟು ನಿಧಾನ?’ ಅವನ ಪ್ರಶ್ನೆಗೆ ಅಂಗಡಿಯವರೂ ನಕ್ಕರು.

ಅಲ್ಲಿನ ಎರೆ ಮಣ್ಣಿನಲ್ಲಿ ನಾವು ನಿಧಾನವಾಗುವುದಿಲ್ಲ, ನಿಂತೇ ಬಿಡುತ್ತೇವೆ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟಯರಿಗೆ ಪದರ ಪದರವಾಗಿ ಸುತ್ತಿಕೊಂಡು ಚಕ್ರ ತಿರುಗದಂತೆ ಫೋರ್ಕಿಗೆ ಕಚ್ಚುತ್ತದೆ. ಕಡ್ಡಿಯಿಂದ ಕೆರೆದು ಎರಡು ಹೆಜ್ಜೆ ಇಟ್ಟರೆ ಮತ್ತೆ ಅಷ್ಟೇ. ಒಣಗಿದ ಮೇಲೆ ಡೋಣಿ ನದಿಯ ಕಡೆಯ ಬಂಡಿದಾರಿಗಳು ಚೆನ್ನ. ನೀರಿನ ವಿಷಯದಲ್ಲಿ ಈ ಊರಿನ ಹಿರಿಯರು ನಮಗಿಂತ ಗಂಭೀರವಾಗಿದ್ದರು. ತೊರವಿಯಿಂದ ನೆಲದೊಳಗೆ ಕಾಲುವೆ ತಂದರು, 1620ರಲ್ಲಿ ತಾಜ್ ಬಾವಡಿ ಕಟ್ಟಿದರು. ಈಗ ಹಳ್ಳಿಗಳಲ್ಲಿ ಕೊಳವೆಬಾವಿ ಇಳಿಸಿದಷ್ಟೂ ಸವಳು ಮೇಲೆ ಬರುತ್ತದೆ.

ಇಲ್ಲಿ ನಾನು ತಿಳಿ ಹುರಿತದ ಹಟ ಬಿಟ್ಟುಬಿಟ್ಟಿದ್ದೇನೆ. ಕಪ್ಪಗೆ ಹುರಿದ ಬೀಜ, ಅದರಲ್ಲಿ ಚಿಕೋರಿ. ಕಳೆದುಕೊಳ್ಳಲು ಅದರಲ್ಲಿ ಹುಳಿಯೇ ಇಲ್ಲ. ಮನೆಯ ನೀರಿನಲ್ಲಿ ಡಿಕಾಕ್ಷನ್ ಇಳಿಸಿ, ತಣಿಸಿ, ಬಾಟಲಿಯಲ್ಲಿ ತುಂಬಿ ಐಸ್ ಪೆಟ್ಟಿಗೆಯಲ್ಲಿ ಇಟ್ಟರೆ ಒಂದು ದಿನ ಬರುತ್ತದೆ. ಬೆಳಿಗ್ಗೆ ಹಳ್ಳಿಯಲ್ಲಿ ಹಾಲು ಕರೆಯುವ ಹೊತ್ತಿಗೆ ಹೋಗಿ ಅರ್ಧ ಲೀಟರ್ ಎಮ್ಮೆ ಹಾಲು ತಂದು ಕಾಯಿಸಿ ಬೆರೆಸಿದರೆ ಮುಗಿಯಿತು. ಊರಿನ ನೀರಿನ ಒಂದು ಹನಿಯೂ ಅದರಲ್ಲಿಲ್ಲ. ಮೈಸೂರಿನ ಕಡೆಯವರು ಹಸುವಿನ ಹಾಲೇ ಬೇಕೆನ್ನುತ್ತಾರೆ; ಎಮ್ಮೆ ಹಾಲಿನ ಕೊಬ್ಬಿನಲ್ಲಿ ಚಿಕೋರಿಯ ಕಹಿ ಮೆತ್ತಗಾಗುವುದನ್ನು ಅವರು ಕುಡಿದು ನೋಡಿಲ್ಲ.

ಇದು ಕಳ್ಳದಾರಿ ಎಂದು ವಿಜಯಪುರ ಜಿಲ್ಲೆಯ ಇಂಡಿ ಎಂಬ ಊರಿನ ಕಡೆಯ ಗೆಳೆಯ ಒಬ್ಬ ನನ್ನ ಮೇಲೆ ಮುನಿದಿದ್ದಾನೆ. ನೀರನ್ನು ತಪ್ಪಿಸಿಕೊಂಡು ಓಡಾಡುವವನು ಊರು ನೋಡಿದ ಹಾಗಾಯಿತೇ ಎಂಬುದು ಅವನ ವಾದ. ಅವನ ಊರಿನ ಹೊಲದಲ್ಲಿ ಒಂದು ಹಳೆಯ ಬಾವಿ ಇದೆಯಂತೆ, ಸುತ್ತಲಿನ ಕೊಳವೆಬಾವಿಗಳೆಲ್ಲ ಸವಳಾದರೂ ಅದರ ನೀರಿನಲ್ಲಿ ಎರಡೇ ಸೀಟಿಗೆ ತೊಗರಿಬೇಳೆ ಕರಗುತ್ತದಂತೆ. ಜನವರಿಯಲ್ಲಿ ಸೀತನಿಯ (ಸುಟ್ಟು ತಿನ್ನುವ ಎಳೆ ಜೋಳದ ತೆನೆಯ) ಹೊತ್ತಿಗೆ ಬನ್ನಿ ಎಂದಿದ್ದಾನೆ. ಹೋಗುವುದೆಂದು ಗೊತ್ತಾಗಿದೆ. ಸೈಕಲ್ಲುಗಳು, ಗ್ರೈಂಡರ್, ಬೀಜ ಎಲ್ಲಕ್ಕೂ ಒಪ್ಪಿಗೆ ಸಿಕ್ಕಿದೆ. ಅವನ ತಾಯಿ ಎರಡು ಷರತ್ತು ಹಾಕಿದ್ದಾರೆ: ಮೊದಲು ತಾನು ಮಾಡಿದ ಚಹಾ ಕುಡಿಯಬೇಕು, ಬೆಳಗಾವಿಯಿಂದ ನೀರಿನ ಕ್ಯಾನು ಹೊತ್ತು ಬಂದವರನ್ನು ಬಾಗಿಲೊಳಗೆ ಬಿಡುವುದಿಲ್ಲ.